ಒಂದೇ ಹೆಸರಿನ ಎರಡು ಭುಜ

ಅತ್ತೆಯ ಹೆಸರನ್ನು ಮಗಳಿಗೆ ಇಡುವುದಕ್ಕೆ ಟೈಲರಮ್ಮನ ತಕರಾರು ಏನೂ ಇರಲಿಲ್ಲ. ತಕರಾರು ಶುರುವಾದದ್ದು ಆಮೇಲೆ, ಮಗು ನಡೆಯಲು ಕಲಿತು ಕೈಗೆ ಸಿಕ್ಕಿದ್ದನ್ನೆಲ್ಲ ಬೀಳಿಸತೊಡಗಿದಾಗ. ಹೆಸರು ಹಿಡಿದು ಗದರಿದರೆ ಪಕ್ಕದ ಕೋಣೆಯಿಂದ ಅತ್ತೆ "ಏನು?" ಎನ್ನುತ್ತಿದ್ದರು. "ನಿಮಗಲ್ಲ ಅತ್ತೆ" ಎಂದು ದಿನಕ್ಕೆ ಹತ್ತು ಸಲ ಹೇಳಿ ಸಾಕಾಗಿ ಅವಳು ಮಗಳನ್ನು ಪುಟ್ಟಿ ಎಂದು ಕರೆದಳು. ಪುಟ್ಟಿಗೆ ಈಗ ಹದಿನಾರು. ಅಪ್ಪನಿಗಿಂತ ಎರಡು ಬೆರಳು ಎತ್ತರ, ಹಳೆಯ ಅಂಗಿಗಳಲ್ಲಿ ಹಿಡಿಸದಷ್ಟು ಅಗಲದ ಭುಜ. ಈಜುಕೊಳದಲ್ಲಿ ಪಕ್ಕದ ಸಾಲಿನವರ ಬಾಯಿಗೆ ನೀರು ನುಗ್ಗುವಷ್ಟು ಜೋರು. ಆದರೂ ಪುಟ್ಟಿಯೇ. ಅಸಲಿ ಹೆಸರು ಶಾಲೆಯ ಹಾಜರಿಯಲ್ಲಿ, ಈಜಿನ ಸರ್ಟಿಫಿಕೇಟುಗಳಲ್ಲಿ ಮತ್ತು ಆಸ್ಪತ್ರೆಯ ಚೀಟಿಗಳಲ್ಲಿ ಮಾತ್ರ ಉಳಿದುಕೊಂಡಿತ್ತು. ಎಡವಟ್ಟಾದದ್ದು ಅಂಥ ಒಂದು ಚೀಟಿಯಿಂದಲೇ.

ಬೀದಿಯವರು ಟೈಲರಮ್ಮ ಎಂದರೂ ಅವಳು ಹೊಸ ಬಟ್ಟೆ ಹೊಲಿಯುವವಳಲ್ಲ. ರೈಲು ನಿಲ್ದಾಣದ ಎದುರಿನ ಅಂಗಡಿಯಲ್ಲಿ ರೆಡಿಮೇಡ್ ಬಟ್ಟೆಗಳನ್ನು ಮೈಗೆ ಸರಿಮಾಡಿ ಕೊಡುವುದು ಅವಳ ಕೆಲಸ. ಸಡಿಲವಾದದ್ದಕ್ಕೆ ಹೊಲಿಗೆ ಹಿಡಿಯಬೇಕು, ಬಿಗಿಯಾದದ್ದಕ್ಕೆ ಹೊಲಿಗೆ ಬಿಡಬೇಕು. ಯಾವುದಕ್ಕೆ ಏನು ಎಂದು ಕೌಂಟರಿನವನು ಚೀಟಿ ಬರೆದು, ಗುಂಡುಪಿನ್ನಿನಿಂದ ಬಟ್ಟೆಗೆ ಚುಚ್ಚಿ ಒಳಗೆ ಕಳಿಸುತ್ತಿದ್ದ. ಗಿರಾಕಿಯೇ ಬಂದು ನಿಂತು "ಅಲ್ಲಮ್ಮಾ, ನಾನು ಹೇಳಿದ್ದು ಎರಡಿಂಚು" ಎಂದು ಬಡಕೊಂಡರೂ ಅವಳು ಚೀಟಿ ತೋರಿಸುತ್ತಿದ್ದಳು. ಚೀಟಿಯಲ್ಲಿ ಮೂರು ಅಂದರೆ ಮೂರು. ಹದಿನೆಂಟು ವರ್ಷದಲ್ಲಿ ಚೀಟಿಯನ್ನು ನಂಬಿ ಅವಳು ಒಮ್ಮೆಯೂ ಕೆಟ್ಟಿರಲಿಲ್ಲ.

ಆ ವರ್ಷ ಮನೆಯಲ್ಲಿ ಎರಡು ಬಲಭುಜಗಳು ಒಟ್ಟಿಗೆ ಮುಷ್ಕರ ಹೂಡಿದವು. ಅಜ್ಜಿಯ ಕೈ ಎದೆಮಟ್ಟಕ್ಕಿಂತ ಮೇಲೇಳದಾಯಿತು. ತಲೆ ಬಾಚಿಕೊಳ್ಳಲಾಗದೆ, ಬೆಳಿಗ್ಗೆ ಕೆಲಸಕ್ಕೆ ಹೊರಡುವ ಗಡಿಬಿಡಿಯಲ್ಲೇ ಸೊಸೆ ಬಾಚಣಿಗೆ ಹಿಡಿಯಬೇಕಾಯಿತು. "ಮೆಲ್ಲಗೆ, ಅದು ತಲೆ, ಕಾಲೊರಸು ಅಲ್ಲ" ಎಂದು ಅಜ್ಜಿ, "ಬಸ್ಸು ಹೋಗುತ್ತೆ ಅತ್ತೆ" ಎಂದು ಸೊಸೆ. ಅತ್ತ ಪುಟ್ಟಿಗೆ ಈಜುವಾಗ ಕೈ ಮುಂದಕ್ಕೆ ಚಾಚಿದರೆ ಭುಜದ ಗುಂಡು ಒಳಗೇ ಜಾರಿ ಮತ್ತೆ ಬಂದು ಕೂತಂತಾಗುತ್ತಿತ್ತು. ಆರು ವಾರಕ್ಕೆ ಜಿಲ್ಲಾ ರಿಲೇ ತಂಡದ ಆಯ್ಕೆ. ನಾಲ್ಕು ಜನರ ತಂಡದಲ್ಲಿ ಮೂವರು ಖಾಯಂ, ನಾಲ್ಕನೆಯ ಜಾಗ ಪುಟ್ಟಿಯದು ಎಂದು ಎಲ್ಲರೂ ಅಂದುಕೊಂಡಿದ್ದರು. ಕೋಚ್ ಫಿಸಿಯೋ ಮೇಡಂ ಹತ್ತಿರ ಹೋಗಲು ಹೇಳಿದ.

"ಹೇಗೂ ಹೋಗ್ತಿದ್ದೀಯಲ್ಲ, ಅಮ್ಮನ್ನೂ ಕರ್ಕೊಂಡು ಹೋಗು. ಒಂದೇ ಓಡಾಟದಲ್ಲಿ ಎರಡೂ ಮುಗಿಯುತ್ತೆ" ಎಂದು ಗಂಡ ಟೈಲರಮ್ಮನಿಗೆ ಹೇಳಿದ. ಅವನು ಸಿಟಿ ಬಸ್ಸಿನ ಡ್ರೈವರು. ಎರಡು ಟ್ರಿಪ್ಪಿನ ಕೆಲಸ ಒಂದರಲ್ಲಿ ಮುಗಿದರೆ ಅವನಿಗೆ ಅದಕ್ಕಿಂತ ಸುಖವಿಲ್ಲ.

ಫಿಸಿಯೋ ಮೇಡಂ ಅಜ್ಜಿಯ ಕೈಯೆತ್ತಿ ನೋಡಿ "ಪೂರ್ತಿ ಬಿಗಿದುಕೊಂಡಿದೆ" ಎಂದರು. ಪುಟ್ಟಿಯ ಕೈ ತಿರುಗಿಸಿ ನೋಡಿ "ಇದು ಸಡಿಲ" ಎಂದರು.

"ಆದ್ರೆ ಮೇಡಂ, ನನಗೂ ಬಿಗಿ ಅಂತಾನೇ ಅನ್ಸೋದು" ಎಂದಳು ಪುಟ್ಟಿ.

"ಸಡಿಲ ಇರೋದಕ್ಕೇ ಹಾಗನ್ಸೋದು" ಎಂದರು ಮೇಡಂ. ಅಷ್ಟರಲ್ಲಿ ಬಾಗಿಲಲ್ಲಿ ಊರುಗೋಲಿನವರೊಬ್ಬರು ತಲೆ ಹಾಕಿದರು, ಮಾತು ಅಲ್ಲಿಗೇ ನಿಂತಿತು. ಟೈಲರಮ್ಮನಿಗೆ ತಲೆ ಗಿರ್ರೆಂದಿತು. ಸಡಿಲ ಅಂದರೆ ಸಡಿಲ, ಬಿಗಿ ಅಂದರೆ ಬಿಗಿ; ಒಂದೇ ಅಂಗಿ ಒಂದೇ ಕಡೆ ಎರಡೂ ಹೇಗಾದೀತು? ಕೇಳೋಣವೆಂದರೆ ಮೇಡಂ ಆಗಲೇ ಕೈಗಳನ್ನು ಅತ್ತ ಇತ್ತ ಆಡಿಸಿ ವ್ಯಾಯಾಮ ತೋರಿಸುತ್ತಿದ್ದರು, ಇದು ಅಜ್ಜಿಗೆ, ಇದು ಇವಳಿಗೆ ಎಂದು. ಅಜ್ಜಿ ತನ್ನ ಕನ್ನಡಕ ಹುಡುಕುತ್ತಿದ್ದರು, ಪುಟ್ಟಿ ಫೋನು ನೋಡುತ್ತಿದ್ದಳು, ಟೈಲರಮ್ಮ ಕೈಗಡಿಯಾರ ನೋಡುತ್ತಿದ್ದಳು.

"ಎಲ್ಲಾ ಪೇಪರ್‌ನಲ್ಲಿದೆ, ಟಿಕ್ ನೋಡ್ಕೊಂಡು ಮಾಡಿ. ಎರಡು ವಾರ ಬಿಟ್ಟು ಬನ್ನಿ" ಎಂದು ಮೇಡಂ ಎರಡು ಹಾಳೆ ಕೊಟ್ಟರು, ಜತೆಗೊಂದು ಹಸಿರು ರಬ್ಬರ್ ಪಟ್ಟಿ.

ಎರಡೂ ಅಚ್ಚುಹಾಕಿದ ಒಂದೇ ಹಾಳೆ. ಬೋಳುತಲೆಯ ಗೊಂಬೆಯೊಂದು ಹನ್ನೆರಡು ಚಿತ್ರಗಳಲ್ಲಿ ಹನ್ನೆರಡು ಥರ ಕೈಯಾಡಿಸುತ್ತಿತ್ತು. ಮೇಲೆ ಹೆಸರು, ಅದೇ ಹೆಸರು. ತಾರೀಖು, ಅದೇ ತಾರೀಖು. ಕೆಳಗೆ 'ಬಲ ಭುಜ' ಎಂದು ಎರಡರಲ್ಲೂ. ಟಿಕ್ಕುಗಳು ಮಾತ್ರ ಬೇರೆ ಬೇರೆ. ಒಂದರಲ್ಲಿ ಬೆರಳುಗಳಿಂದ ಗೋಡೆ ಹತ್ತುವುದು, ಕೋಲು ಹಿಡಿದು ಕೈ ತಲೆಯ ಮೇಲಕ್ಕೆ ಎತ್ತುವುದು, ಬೆನ್ನ ಹಿಂದೆ ಟವೆಲ್ ಹಿಡಿದು ಎಳೆಯುವುದು. ಇನ್ನೊಂದರಲ್ಲಿ ಮೊಣಕೈ ಪಕ್ಕೆಗೆ ಒತ್ತಿಕೊಂಡು ರಬ್ಬರ್ ಎಳೆಯುವುದು, ಗೋಡೆಗೆ ಕೈಯೂರಿ ತಳ್ಳುವುದು.

ಮನೆಗೆ ಬಂದು ಅಡುಗೆಮನೆಯ ಮೇಜಿನ ಮೇಲೆ ಎರಡನ್ನೂ ಹರಡಿಕೊಂಡು ಟೈಲರಮ್ಮ ಯೋಚಿಸಿದಳು. ಗೋಡೆ ಹತ್ತುವುದು, ಕೋಲೆತ್ತುವುದು, ಎಳೆದಾಡುವುದು, ಇದು ಆಟಗಾರರ ಪಾಡು. ಕುರ್ಚಿಯಲ್ಲಿ ಕೂತು ರಬ್ಬರ್ ಎಳೆಯುವುದು ವಯಸ್ಸಾದವರಿಗೆ. ಅದೂ ಅಲ್ಲದೆ ಬಿಗಿ ಬಿಗಿ ಎಂದು ಮಗಳೇ ಹೇಳುತ್ತಿದ್ದಾಳೆ. ಬಿಗಿಯಾದದ್ದನ್ನು ಎಳೆದು ಬಿಡಿಸಬೇಕಾದ್ದೇ. ಮೊದಲ ಹಾಳೆಯನ್ನು ಫ್ರಿಜ್ಜಿನ ಬಾಗಿಲಿಗೆ ಪುಟ್ಟಿಗಾಗಿ ಅಂಟಿಸಿದಳು, ಎರಡನೆಯದನ್ನು ಅಜ್ಜಿಯ ಕಪಾಟಿಗೆ.

"ಅಮ್ಮಾ, ರಬ್ಬರ್ ಎಳೆಯೋದು ನನಗೆ ತೋರ್ಸಿದ್ರು ಅನ್ಸುತ್ತೆ" ಎಂದಳು ಪುಟ್ಟಿ, ಬಾಳೆಹಣ್ಣು ಸುಲಿಯುತ್ತ.

"ಅನ್ಸುತ್ತೆ ಅಂದ್ರೇನು? ಫೋನೊಳಗೆ ತಲೆ ಇಟ್ಕೊಂಡಿದ್ದೆ ನೀನು. ಇದರಲ್ಲಿ ನಿನ್ನ ಹೆಸರಿಲ್ವಾ?"

"ಅದರಲ್ಲೂ ನನ್ನ ಹೆಸರೇ ಇದೆ."

ಗಂಡ ಗಹಗಹಿಸಿ ನಕ್ಕ. ಅಜ್ಜಿಯೂ ನಕ್ಕರು. ಟೈಲರಮ್ಮ ನಗಲಿಲ್ಲ. ಅನ್ನಕ್ಕೆ ಇಟ್ಟ ನೀರು ಉಕ್ಕುತ್ತಿತ್ತು. "ಸುಮ್ನೆ ಪೇಪರ್‌ನಲ್ಲಿರೋದು ಮಾಡು" ಎಂದು ಒಲೆಯ ಕಡೆ ತಿರುಗಿದಳು.

ಮೊದಲ ವಾರ ಪುಟ್ಟಿ ಚೆನ್ನಾಗಿಯೇ ಮಾಡಿದಳು. ಗೋಡೆ ಹತ್ತುವುದು ಅವಳಿಗೆ ಲೆಕ್ಕವೇ ಇಲ್ಲ, ಬೆರಳು ನೇರ ಕಿಟಕಿಯ ಮೇಲಿನ ಕಟ್ಟೆ ಮುಟ್ಟುತ್ತಿತ್ತು. ಟವೆಲ್ಲಿನ ಕೆಳತುದಿಯನ್ನು ಬೇರೆಯವರು ಎಳೆದರೆ ಒಳ್ಳೆಯದು ಎಂದು ಚಿತ್ರದ ಕೆಳಗೆ ಬರೆದಿತ್ತು, ಹಾಗಾಗಿ ಟೈಲರಮ್ಮ ದಿನಾ ಬೆಳಿಗ್ಗೆ ಮೊಟ್ಟೆ ಬೇಯಲು ಇಟ್ಟು, ಒದ್ದೆ ಕೈ ಒರೆಸಿಕೊಂಡು ಮಗಳ ಬೆನ್ನ ಹಿಂದೆ ನಿಂತು ಎಳೆಯುತ್ತಿದ್ದಳು. ಹತ್ತರವರೆಗೆ ಎಣಿಸುವುದೂ ಅವಳೇ.

"ಅಮ್ಮಾ, ನೋಯುತ್ತೆ."

"ಬಿಗಿ ಬಿಡೋವಾಗ ನೋಯದೇ ಇರುತ್ತಾ? ಆರು."

"ಒಳಗೆ ಏನೋ ಕಟ್ ಅಂತು."

"ಬಿಡ್ತಾ ಇದೆ ಅಂತ ಅರ್ಥ. ಏಳು."

ಅತ್ತ ಅಜ್ಜಿ ಕಪಾಟಿನ ಹಿಡಿಗೆ ರಬ್ಬರ್ ಸಿಕ್ಕಿಸಿ ಎಳೆದೂ ಎಳೆದೂ ಬೈದುಕೊಳ್ಳುತ್ತಿದ್ದರು. "ಇದ್ಯಾವ ಪೀಡೆ? ಕಪಾಟು ಕಿತ್ತು ಬರುತ್ತೆ ಹೊರತು ಕೈ ಮೇಲೆ ಹೋಗಲ್ಲ. ಐವತ್ತು ವರ್ಷ ಬಟ್ಟೆ ಹಿಂಡಿದ ಕೈ ಇದು, ಇನ್ನೂ ಎಳೀಬೇಕಂತೆ!"

"ಪೇಪರ್‌ನಲ್ಲಿ ಅದೇ ಇರೋದು ಅತ್ತೆ."

ಎರಡು ವಾರ ಬಿಟ್ಟು ಬನ್ನಿ ಎಂದದ್ದು ಅವಳಿಗೆ ನೆನಪಿತ್ತು. ಆದರೆ ಅಷ್ಟರಲ್ಲಿ ಶಾಲೆಗಳು ಶುರುವಾದವು. ಬೆಳೆಯುವ ಮಕ್ಕಳಿಗೆಂದು ಒಂದು ಅಳತೆ ದೊಡ್ಡದೇ ಕೊಂಡ ಸಮವಸ್ತ್ರಗಳು ಅಂಗಡಿಯಲ್ಲಿ ಗುಡ್ಡೆಯಾದವು, ಒಂದೊಂದಕ್ಕೂ ಸೊಂಟ ಹಿಡಿಯಬೇಕು, ಕಾಲು ಮಡಚಬೇಕು. ಮುಂದಿನ ವಾರ, ಅದರ ಮುಂದಿನ ವಾರ ಎಂದು ಹೋಗಿಬರುವುದನ್ನು ತಳ್ಳುತ್ತಲೇ ಹೋದಳು.

ಐದನೆಯ ವಾರ ಪುಟ್ಟಿ ಕೊಳದ ಮಧ್ಯದಲ್ಲಿ ನಿಂತುಬಿಟ್ಟಳು. ಚಾಚಿದ ಕೈ ಹಿಂದಕ್ಕೆ ಬರಲೇ ಇಲ್ಲವಂತೆ. ಎಡಗೈಯಿಂದ ಸಾಲಿನ ಹಗ್ಗ ಹಿಡಿದು ತೇಲುತ್ತಿದ್ದವಳನ್ನು ಇಬ್ಬರು ಎಳೆದುಕೊಂಡು ಬಂದರು. ಕೋಚ್ ಫೋನು ಮಾಡಿದಾಗ ಟೈಲರಮ್ಮನ ಬಾಯಿಯಲ್ಲಿ ಮೂರು ಗುಂಡುಪಿನ್ನುಗಳಿದ್ದವು.

ಊಟಕ್ಕೆ ಕೂತಾಗ ಪುಟ್ಟಿ ಎಡಗೈಯಲ್ಲಿ ಚಮಚ ಹಿಡಿದಿದ್ದಳು.

"ವ್ಯಾಯಾಮ ಸರಿಯಾಗಿ ಮಾಡಿದ್ರೆ ಹೀಗಾಗ್ತಿರಲಿಲ್ಲ ಅಂದ್ರು ಕೋಚ್" ಎಂದ ಗಂಡ. "ನಿಜ ಹೇಳು, ಕಳ್ಳ ಬೀಳ್ತಿದ್ದೆ ತಾನೆ?"

"ಒಂದಿನಾನೂ ತಪ್ಪಿಸಿಲ್ಲ ಅಪ್ಪಾ. ಅಮ್ಮನ್ನ ಕೇಳು."

"ನಾನೇ ನಿಂತು ಮಾಡಿಸಿದ್ದೀನಿ ರೀ. ಸುಮ್ನೆ ಮಗು ಮೇಲೆ ಹಾಕ್ಬೇಡಿ."

"ಮತ್ತೆ ಯಾಕೆ ಹೀಗಾಯ್ತು?"

ಮಾಡಬೇಕಾದ್ದನ್ನೆಲ್ಲ ಮಾಡಿಯೂ ಕೆಟ್ಟಿತು ಎಂದರೆ ಬೈಯುವುದಾದರೂ ಯಾರನ್ನು? ಟೈಲರಮ್ಮ ಮತ್ತೊಂದು ಸೌಟು ಬೇಳೆಸಾರು ಮಗಳ ತಟ್ಟೆಗೆ ಹಾಕಿದಳು. ಬೇಡವೆಂದರೂ ಹಾಕಿದಳು.

ಮರುದಿನ ಅರ್ಧ ದಿನ ರಜೆ ಹಾಕಿ, ಫ್ರಿಜ್ಜಿನ ಮೇಲಿನ ಹಾಳೆ ಕಿತ್ತು ಚೀಲಕ್ಕೆ ಹಾಕಿಕೊಂಡು, ಮಗಳನ್ನು ಕರೆದುಕೊಂಡು ಹೋದಳು. ಫಿಸಿಯೋ ಮೇಡಂ ಭುಜ ಮುಟ್ಟಿ ನೋಡಿ ಹುಬ್ಬು ಗಂಟಿಕ್ಕಿದರು.

"ಇಷ್ಟು ದಿನ ಏನೇನು ಮಾಡಿದೆ, ತೋರ್ಸು."

ಪುಟ್ಟಿ ಎಡಗೈಯಿಂದ ಗೋಡೆ ಹತ್ತಿ ತೋರಿಸಿದಳು. ಬೆನ್ನ ಹಿಂದೆ ಕೈ ತಿರುಚಿ ತೋರಿಸಿದಳು. "ಕೆಳಗಿಂದ ಅಮ್ಮ ಎಳೀತಾಳೆ" ಎಂದಳು.

"ಇದನ್ನ ನಿನಗೆ ಯಾರು ಹೇಳಿದ್ದು?"

"ನೀವೇ ಮೇಡಂ" ಎಂದಳು ಟೈಲರಮ್ಮ, ಗಿರಾಕಿಗೆ ಚೀಟಿ ತೋರಿಸುವ ಹಾಗೆ ಹಾಳೆ ಬಿಡಿಸಿ ಹಿಡಿದಳು. "ಟಿಕ್ ಹಾಕಿದ್ದೀರಲ್ಲ."

ಮೇಡಂ ಹಾಳೆ ನೋಡಿದರು, ಅವಳನ್ನು ನೋಡಿದರು. "ಇದು ನಿಮ್ಮ ಅತ್ತೆಯವರದ್ದು."

ಆಮೇಲೆ ಅವರು ನಿಧಾನವಾಗಿ, ಯಾರನ್ನೂ ಒಳಗೆ ಬಿಡದೆ, ಎಲ್ಲ ಬಿಡಿಸಿ ಹೇಳಿದರು. ಇಲಾಸ್ಟಿಕ್ ಹೋದ ಪ್ಯಾಂಟು ಹಾಕಿಕೊಂಡವರು ಅದು ಬೀಳಬಾರದೆಂದು ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡೇ ನಡೆಯುತ್ತಾರೆ. ಹಿಡಿದ ಕೈ ನೋಯುತ್ತೆ. ಹಾಗೆಂದು ಕೈ ಬಿಡಿಸಿದರೆ ಪ್ಯಾಂಟು ಬೀಳುತ್ತೆ ಅಷ್ಟೆ. ಪುಟ್ಟಿಯ ಭುಜದ ಕೀಲು ಮೊದಲೇ ಸಡಿಲ. ಅದನ್ನು ಜಾರದಂತೆ ಹಿಡಿದು ಹಿಡಿದು ಸುತ್ತಲಿನ ಮಾಂಸಖಂಡ ಬಿಗಿದುಕೊಂಡಿತ್ತು. ಅದಕ್ಕೆ ಬೇಕಾದದ್ದು ಬಲ. ಸಿಕ್ಕಿದ್ದು ಎಳೆತ, ಐದು ವಾರ, ದಿನಾ.

"ಆಯ್ಕೆ ಮುಂದಿನ ಭಾನುವಾರ ಮೇಡಂ" ಎಂದಳು ಪುಟ್ಟಿ.

"ಮೂರು ತಿಂಗಳು ಕೈ ಎತ್ತಿ ಈಜೋ ಹಾಗಿಲ್ಲ ಮಗೂ. ಆಮೇಲೆ ನೋಡೋಣ. ಈಗ ಬಲವಂತ ಮಾಡಿದ್ರೆ ಆಪರೇಷನ್‌ಗೆ ಹೋಗುತ್ತೆ, ಆಮೇಲೆ ಈಜು ಇರುತ್ತೋ ಇಲ್ವೋ ನಾನು ಹೇಳಲಾರೆ."

ಬಸ್ಸಿನಲ್ಲಿ ಪುಟ್ಟಿ ಕಿಟಕಿಯ ಕಡೆ ಮುಖ ಮಾಡಿ ಕೂತಳು. ಟೈಲರಮ್ಮನಿಗೆ ಮಗಳ ಕೈ ಹಿಡಿಯಬೇಕೆನಿಸಿತು, ಆದರೆ ತನ್ನ ಪಕ್ಕಕ್ಕಿದ್ದದ್ದು ಬಲಗೈ, ಅದನ್ನು ಮುಟ್ಟಲು ಹೆದರಿಕೆಯಾಯಿತು.

ಮನೆಯಲ್ಲಿ ಆ ಸಂಜೆ ನಡೆದದ್ದು ಜಗಳವೋ ಗೊಂದಲವೋ ಹೇಳುವುದು ಕಷ್ಟ.

"ಪೇಪರ್ ಅದಲುಬದಲಾಯ್ತು" ಎಂದಳು ಟೈಲರಮ್ಮ.

"ಅದಕ್ಕೇ ನೋಡು ನನ್ನ ಕೈ ಮೇಲೇಳಲಿಲ್ಲ!" ಎಂದರು ಅಜ್ಜಿ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡರು.

"ಅಮ್ಮಾ, ನಿನ್ನ ಕೈ ವಿಷಯ ಬಿಡು. ಇಬ್ಬರಿಗೂ ಒಂದೇ ಹೆಸರಿದ್ರೆ ಇನ್ನೇನಾಗುತ್ತೆ?" ಎಂದ ಗಂಡ.

"ನನ್ನ ಹೆಸರು ಇಡಿ ಅಂತ ನಾನೇನು ಅರ್ಜಿ ಹಾಕಿದ್ನಾ? ಪ್ರೀತಿ ಉಕ್ಕಿ ನೀನೇ ಇಟ್ಟಿದ್ದು."

"ಓಹೋ, ಈಗ ಅದೂ ನನ್ನ ತಲೆಗೇ ಬಂತಾ?"

"ಆ ಫಿಸಿಯೋ ಮೇಡಮ್ಮಾದ್ರೂ ವಯಸ್ಸು ಬರೀಬಾರದಿತ್ತಾ? ಹೆಸರಿನ ಮುಂದೆ ಎಪ್ಪತ್ತು ಅಂತ ಬರೆದಿದ್ರೆ ಏನು ಗಂಟು ಹೋಗ್ತಿತ್ತು?"

"ಅವರಿಗೂ ನೂರು ಜನ ಇರ್ತಾರೆ ಅತ್ತೆ. ಹೇಗೋ ಅದಲುಬದಲಾಯ್ತು, ಈಗ ಏನ್ಮಾಡೋದು" ಎಂದಳು ಟೈಲರಮ್ಮ ಮತ್ತೊಮ್ಮೆ.

ಅಷ್ಟು ಹೊತ್ತು ಬಾಯಿಗೆ ಬೀಗ ಹಾಕಿಕೊಂಡಿದ್ದ ಪುಟ್ಟಿ ತಲೆ ಎತ್ತಿದಳು. "ತಾನೇ ಆಯ್ತಾ ಅಮ್ಮಾ? ಪೇಪರ್‌ಗೆ ಕಾಲಿತ್ತಾ?"

ಅವಳು ಎದ್ದು ಹೋದಳು. ತಟ್ಟೆಯಲ್ಲಿ ಬ್ರೆಡ್ಡು ಹಾಗೆಯೇ ಉಳಿಯಿತು.

ಆಯ್ಕೆಯ ಭಾನುವಾರ ಟೈಲರಮ್ಮ ಮಗಳ ಜತೆ ಕೊಳಕ್ಕೆ ಹೋದಳು. ಹೋಗಬೇಕಾದ ಅಗತ್ಯವಿರಲಿಲ್ಲ, ಆದರೆ ಪುಟ್ಟಿ ಹೋಗಿಯೇ ಹೋಗುತ್ತೇನೆಂದಳು, ಗೆಳತಿಯರು ಈಜುವುದನ್ನು ನೋಡಬೇಕಂತೆ. ಕ್ಲೋರಿನ್ ವಾಸನೆಗೆ ಟೈಲರಮ್ಮನ ಕಣ್ಣು ಉರಿಯಿತು. ಕೋಚ್ ಸೀಟಿ ಕುತ್ತಿಗೆಗೆ ಹಾಕಿಕೊಂಡು ಬಂದವನು ಪುಟ್ಟಿಯನ್ನು ನೋಡಿ, ಸುತ್ತಲೂ ಎಂಟು ಹತ್ತು ಹುಡುಗಿಯರಿದ್ದಾಗಲೇ ಹೇಳಿದ:

"ಬಂದ್ಯಾ? ನಾಲ್ಕನೇ ಜಾಗ ನಿಂದೇ ಅಂತ ಹೆಸರು ಬರೆದಿಟ್ಟಿದ್ದೆ. ಐದು ವಾರ ವ್ಯಾಯಾಮ ಮಾಡಿದೆ ಅಂತ ನನ್ನ ಮುಂದೆ ಸುಳ್ಳು ಹೇಳ್ಬೇಡ ಇನ್ನು. ಮಾಡಿದ್ರೆ ಭುಜ ಹೀಗಾಗಲ್ಲ, ನಾನು ಇಪ್ಪತ್ತು ವರ್ಷದಿಂದ ನೋಡ್ತಿದ್ದೀನಿ."

ಪುಟ್ಟಿ ತಾಯಿಯ ಕಡೆ ತಿರುಗಿದಳು.

"ಸುಳ್ಳಲ್ಲ ಸಾರ್" ಎಂದಳು ಟೈಲರಮ್ಮ. ತನ್ನ ಧ್ವನಿ ಅಷ್ಟು ದೊಡ್ಡದಾಗಿ ಮೊಳಗಿದ್ದಕ್ಕೆ ಅವಳಿಗೇ ಗಾಬರಿಯಾಯಿತು. "ದಿನಾ ಮಾಡಿದ್ದಾಳೆ. ನಮ್ಮತ್ತೆ ಪೇಪರ್ ಇವಳಿಗೆ ಬಂತು. ಇಬ್ಬರದೂ ಒಂದೇ ಹೆಸರು."

"ಬಂತು ಅಂದ್ರೆ?"

"ಬಂತು... ಅಂದ್ರೆ, ನಾನೇ ಅಂಟಿಸಿದ್ದು."

ಹುಡುಗಿಯರಲ್ಲಿ ಯಾರೋ ಕಿಸಕ್ಕನೆ ನಕ್ಕರು. ಕೋಚ್ ಹಣೆ ಉಜ್ಜಿಕೊಂಡ. "ಅಜ್ಜಿ ವ್ಯಾಯಾಮ ಮಾಡ್ತಿದ್ಲಾ ಇವಳು?" ಎಂದ, ಕೋಪ ಇಳಿದ ದನಿಯಲ್ಲಿ. ಪುಟ್ಟಿಯ ಎಡಭುಜ ತಟ್ಟಿದ. "ನನ್ನದು ತಪ್ಪಾಯ್ತು ಪುಟ್ಟಾ. ಆದ್ರೆ ಜಾಗ ಹಿಡಿದಿಡೋಕಾಗಲ್ಲ." ಸೀಟಿ ಊದುತ್ತ ಹೋದ. ನಾಲ್ಕನೆಯ ಜಾಗ ಹದಿನಾಲ್ಕು ವರ್ಷದವಳೊಬ್ಬಳಿಗೆ ಹೋಯಿತು. ಪುಟ್ಟಿ ಎಡಗೈಯಿಂದ ತೊಡೆ ತಟ್ಟಿ ತಟ್ಟಿ ಅವಳಿಗೆ ಚಪ್ಪಾಳೆ ಹೊಡೆದಳು.

ಆಮೇಲಿನ ಮೂರು ವಾರ ಮನೆ ವಿಚಿತ್ರವಾಗಿತ್ತು. ಯಾರೂ ಯಾರಿಗೂ ಎದುರಾಡುತ್ತಿರಲಿಲ್ಲ. ಗಂಡ ಕೇಳದೆಯೇ ಪಾತ್ರೆ ತೊಳೆಯುತ್ತಿದ್ದ. ಹಾಳೆಗಳು ಅವರವರ ಜಾಗಕ್ಕೆ ಬಂದಿದ್ದವು. ಫಿಸಿಯೋ ಮೇಡಂ ಈ ಸಲ ಹೆಸರಿನ ಬದಲು 'ಅಜ್ಜಿ', 'ಮೊಮ್ಮಗಳು' ಎಂದು ಕೆಂಪು ಶಾಯಿಯಲ್ಲಿ ಬರೆದಿದ್ದರು. ಪುಟ್ಟಿ ಮಾತಾಡುತ್ತಿದ್ದಳು, ಉಪ್ಪು ಕೊಡು, ಸಾಬೂನು ಮುಗಿದಿದೆ, ಅಷ್ಟೇ. ಬೈದಿದ್ದರೆ ಟೈಲರಮ್ಮನಿಗೆ ಎಷ್ಟೋ ಹಗುರಾಗುತ್ತಿತ್ತು.

ಒಂದು ಮಧ್ಯಾಹ್ನ ಅವಳು ಅಂಗಡಿಯಿಂದ ಬೇಗ ಬಂದಾಗ ಅಜ್ಜಿ ಕೋಣೆಯಲ್ಲಿ ತಾನೇ ತಲೆ ಬಾಚಿಕೊಳ್ಳುತ್ತಿದ್ದರು. ಬಾಚಣಿಗೆ ಕಿವಿಯ ಮೇಲಿನವರೆಗೂ ಹೋಗುತ್ತಿತ್ತು. ಸೊಸೆಯನ್ನು ಕಂಡದ್ದೇ ಕೈ ಕೆಳಗಿಳಿಸಿದರು, ಕದ್ದು ಸಕ್ಕರೆ ತಿಂದವರ ಹಾಗೆ.

"ಅತ್ತೆ! ಕೈ ಏಳ್ತಿದೆ!"

"ಶ್! ಮೆಲ್ಲಗೆ."

"ಮತ್ತೆ ಬೆಳಿಗ್ಗೆ ನನ್ನ ಹತ್ರ ಯಾಕೆ ಬಾಚಿಸ್ಕೊಂಡ್ರಿ?"

"ಮಗು ಅಲ್ಲೇ ಕೂತಿತ್ತಲ್ಲ" ಎಂದರು ಅಜ್ಜಿ. "ಅವಳ ಕೈ ಹಾಗಿರೋವಾಗ ನಾನು ಕೈ ಎತ್ತಿ ಕುಣೀಲಾ? ಇನ್ನಷ್ಟು ದಿನ ನೀನೇ ಬಾಚು. ಮೆಲ್ಲಗೆ ಬಾಚು."

ಟೈಲರಮ್ಮನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಅಲ್ಲೇ ಮಂಚದ ತುದಿಗೆ ಕೂತು ಸ್ವಲ್ಪ ಹೊತ್ತು ಎರಡನ್ನೂ ಮಾಡಿದಳು.

ಆ ಸಂಜೆ ಪುಟ್ಟಿ ಅಡುಗೆಮನೆಯ ಬಾಗಿಲ ಹಿಡಿಗೆ ರಬ್ಬರ್ ಸಿಕ್ಕಿಸಿ, ಪಕ್ಕೆ ಮತ್ತು ಮೊಣಕೈ ನಡುವೆ ಮಡಚಿದ ಕರವಸ್ತ್ರ ಇಟ್ಟುಕೊಂಡು ಎಳೆಯುತ್ತಿದ್ದಳು. ಟೈಲರಮ್ಮ ಈರುಳ್ಳಿ ಹೆಚ್ಚುತ್ತಿದ್ದಳು. ಈಗ ಅವಳು ಎಣಿಸುತ್ತಿರಲಿಲ್ಲ, ಪುಟ್ಟಿಯೇ ಎಣಿಸಿಕೊಳ್ಳುತ್ತಿದ್ದಳು, ತುಟಿಯೊಳಗೇ. ಆರಕ್ಕೆ ನಿಂತಿತು.

"ಏನೋ ಆಗ್ತಿದೆ" ಎಂದಳು ಪುಟ್ಟಿ, ಗೋಡೆಗೆ ಹೇಳುವ ಹಾಗೆ.

ಟೈಲರಮ್ಮ ಚಾಕು ಕೆಳಗಿಟ್ಟಳು. "ಏನೋ ಅಂದ್ರೆ? ಜಾರಿದ ಹಾಗಾ, ಸುಸ್ತಾದ ಹಾಗಾ?"

"ಗೊತ್ತಾಗ್ತಿಲ್ಲ."

"ಹಾಗಾದ್ರೆ ನಿಲ್ಸು."

"ಇನ್ನೂ ನಾಲ್ಕಿದೆ."

"ಇರಲಿ ಬಿಡು. ನಿಲ್ಸು."

ಪುಟ್ಟಿ ರಬ್ಬರ್ ಬಿಟ್ಟಳು. ಅದು ಬಾಗಿಲಿಗೆ ಚಟ್ಟೆಂದು ಬಡಿಯಿತು. ಅವಳ ಕಣ್ಣಲ್ಲಿ ನೀರು ತುಂಬಿಕೊಂಡಿತು. "ಆವಾಗ ಯಾಕಮ್ಮಾ ಹೀಗೆ ಹೇಳ್ಲಿಲ್ಲ?"

ಟೈಲರಮ್ಮನ ಹತ್ತಿರ ಉತ್ತರಗಳು ಸಾಲುಗಟ್ಟಿ ನಿಂತಿದ್ದವು. ಒಂದೇ ಹೆಸರು, ಒಂದೇ ಹಾಳೆ, ಶಾಲೆ ಶುರುವಾದ ಗಡಿಬಿಡಿ, ಮೇಡಂ ಅರ್ಧಕ್ಕೆ ಬಿಟ್ಟ ಮಾತು. ಎಷ್ಟೋ ದಿನದಿಂದ ಬಸ್ಸಿನಲ್ಲಿ, ಹೊಲಿಗೆ ಯಂತ್ರದ ಮುಂದೆ, ಅವುಗಳನ್ನು ಮನಸ್ಸಿನಲ್ಲೇ ಹೇಳಿಕೊಂಡು ನೋಡಿದ್ದಳು.

"ನೀನು ಹೇಳಿದ್ದೆ" ಎಂದಳು. "ಮೊದಲ ದಿನಾನೂ ಹೇಳಿದೆ, ಆಮೇಲೆ ದಿನಾನೂ ಹೇಳಿದೆ. ನಾನು ಕಿವಿಗೆ ಹಾಕ್ಕೊಳ್ಳಲಿಲ್ಲ. ಪೇಪರ್ ಏನೂ ಎಳೀಲಿಲ್ಲ ಪುಟ್ಟೀ. ಎಳೆದಿದ್ದು ನಾನು."

ಪುಟ್ಟಿ ಪರವಾಗಿಲ್ಲ ಎನ್ನಲಿಲ್ಲ. ಮೂಗು ಒರೆಸಿಕೊಂಡಳು. ಆಮೇಲೆ ಹತ್ತಿರ ಬಂದು ಬಲಭುಜವನ್ನು ಅವಳ ಮುಂದೆ ತಂದಳು.

"ಕೈ ಇಡು."

"ಬೇಡ ಕಣೇ, ಹೆದರಿಕೆ ಆಗುತ್ತೆ."

"ಇಡು ಅಂದ್ನಲ್ಲ. ಎಳೀಬೇಡ, ಸುಮ್ನೆ ಇಡು."

ಟೈಲರಮ್ಮ ಸೆರಗಿಗೆ ಕೈ ಒರೆಸಿಕೊಂಡು ಅಂಗೈಯನ್ನು ಮಗಳ ಭುಜದ ಮೇಲೆ ಇಟ್ಟಳು. ಪುಟ್ಟಿ ತೋಳನ್ನು ಬಹಳ ನಿಧಾನವಾಗಿ ಒಂದಿಷ್ಟೇ ಹೊರಕ್ಕೆ ಸರಿಸಿದಳು. ಅಂಗೈಯ ಅಡಿಯಲ್ಲಿ ಮೂಳೆ ತನ್ನ ಜಾಗ ಬಿಟ್ಟು ಕದಲಿತು, ಕಟ್ ಎಂದು ವಾಪಸು ಬಂದು ಕೂತಿತು. ಟೈಲರಮ್ಮ ಕೈ ಹಿಂದಕ್ಕೆ ಎಳೆದುಕೊಂಡಳು.

"ಗೊತ್ತಾಯ್ತಾ?"

"ಗೊತ್ತಾಯ್ತು."

"ಇದನ್ನೇ ದಿನಾ ಹೇಳ್ತಿದ್ದೆ" ಎಂದಳು ಪುಟ್ಟಿ.